ಆರು ಮೂಗಿನ ಮೇಷ್ಟ್ರು

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅಂತಾರೆ. ಆಡೋಣ, ಅದಕ್ಕೇನು. ಬದುಕಿರುವವರ ಬಗ್ಗೆಯೂ ಹಾಗೇ ಆಡಬೇಕು ಅಂತ ಯಾರೂ ಹೇಳಿಲ್ಲವಲ್ಲ, ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಹೋದ ವಾರ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಷೆಡ್ಡಿನಲ್ಲಿ ಮೇಷ್ಟ್ರಿಗೆ ಸಂತಾಪ ಸಭೆ ಮಾಡಿದರು. ಸೈಕಲ್ಲು, ಸ್ಕೂಟರುಗಳ ಬಿಡಿಭಾಗಕ್ಕೆ ನಿಕ್ಕಲ್ ಲೇಪ ಕೊಡುವ ಷೆಡ್ಡು ಅದು. ಮೇಷ್ಟ್ರು ಅಲ್ಲಿ ಕೆಲಸಕ್ಕಿದ್ದವರಲ್ಲ, ಒಂದು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿ ನಿವೃತ್ತರಾದವರು. ಆದರೂ ಷೆಡ್ಡಿನ ಮಾಲೀಕ ಫೋಟೋ ಇಟ್ಟು, ಸುಗಂಧರಾಜದ ಹಾರ ಹಾಕಿ, ಎಲ್ಲರಿಗೂ ಕಾಫಿ ಕೊಡಿಸಿ, ಎದ್ದು ನಿಂತು ಮಾತಾಡಿದ.

"ದೇವರಂಥ ಮನುಷ್ಯರು. ನಮ್ಮ ಕೆಲಸಗಾರರ ಜೀವ ಉಳೀಲಿ ಅಂತ ಗ್ಯಾಸಿನ ವಾಸನೆ ಹಿಡಿಯೋ ಡಬ್ಬ ಮಾಡಿಕೊಟ್ರು. ಪಾಪ, ಟೈಮಿಗೆ ಅದಕ್ಕೆ ನೆಗಡಿ ಆಗಿತ್ತು, ಅಷ್ಟೆ."

ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಜನ ನಕ್ಕರು. ನಕ್ಕವರಲ್ಲಿ ನನ್ನ ಭಾವಮೈದ ಪುಟ್ಟರಾಜೂ ಇದ್ದ. ಅವನು ಮುಖದ ಒಂದೇ ಪಕ್ಕದಲ್ಲಿ ನಗುತ್ತಾನೆ. ಇನ್ನೊಂದು ಪಕ್ಕ ಅದೇ ಷೆಡ್ಡಿನಲ್ಲಿ ಸತ್ತುಹೋಗಿದೆ. ನಾನು ಕಾಫಿ ಲೋಟ ಬೆಂಚಿನ ಮೇಲೆ ಕುಕ್ಕಿ ಎದ್ದುಬಂದೆ.

ನನ್ನ ಕಸುಬು ಹಳೇ ರೇಡಿಯೋ, ಟೇಪ್ ರೆಕಾರ್ಡರ್ ಬಿಚ್ಚಿ ಬಿಡಿಭಾಗ ಮಾರುವುದು. ಫುಟ್‌ಪಾತಿನ ಮೇಲೆ ಗೋಣಿತಟ್ಟು ಹಾಸಿ ಶುರು ಮಾಡಿದವನು, ಈಗ ವಿಜಯನಗರದಲ್ಲಿ ರೋಲಿಂಗ್ ಶಟರಿನ ಅಂಗಡಿ ಇದೆ. ಓದಿದ್ದು ಕಮ್ಮಿ, ಚೌಕಾಸಿ ಮಾಡಿದ್ದು ಜಾಸ್ತಿ. ವ್ಯಾಪಾರಕ್ಕಿಳಿಯುವ ಹುಡುಗರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿಕೊಳ್ಳಿ. ಬೆಲೆಯನ್ನು ಮೊದಲು ನೀವು ಹೇಳಬೇಡಿ. ಬೇಕಾದ ವಸ್ತುವನ್ನು ಕೊನೆಗೆ ಮುಟ್ಟಿ. ಎದುರಿನವನು ಸುಮ್ಮನಾದರೆ ನೀವೂ ಸುಮ್ಮನಾಗಿ, ಮೊದಲು ಬಾಯಿ ಬಿಟ್ಟವನು ಸೋತ.

ಮೇಷ್ಟ್ರು ಈ ಎಲ್ಲವನ್ನೂ ಉಲ್ಟಾ ಮಾಡುತ್ತಿದ್ದರು. ಅಂಗಡಿಯ ಹೊಸ್ತಿಲಲ್ಲಿ ನಿಂತು, ಕನ್ನಡಕ ಹಣೆಗೇರಿಸಿ, ಕಣ್ಣು ಮುಚ್ಚಿ ಒಂದು ಸಲ ಉಸಿರೆಳೆಯೋರು. "ಸಾಹುಕಾರ್ರೇ, ಹಿಂದುಗಡೆ ಯಾವುದೋ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ ನೋಡಿ" ಅನ್ನೋರು. ಹೋಗಿ ನೋಡಿದರೆ ಹೌದು. ಆಮೇಲೆ ನೇರವಾಗಿ ಬೇಕಾದ ಡಬ್ಬಕ್ಕೇ ಕೈ ಹಾಕಿ, "ಇದು ನನಗೆ ಬೇಕೇ ಬೇಕು, ಎಷ್ಟು?" ಬೇಕೇ ಬೇಕು ಅಂದ ಮೇಲೆ ಯಾವನು ಕಮ್ಮಿಗೆ ಕೊಡ್ತಾನೆ? ನಾನೇ ಬೈದು ಇಳಿಸಿ ಹೇಳಬೇಕಾಗುತ್ತಿತ್ತು. ನನ್ನ ಅಂಗಡಿಯಲ್ಲಿ ನನ್ನ ಜೊತೆ ನಾನೇ ಚೌಕಾಸಿ ಮಾಡಿಕೊಂಡದ್ದು ಅವರೊಬ್ಬರ ಸಲುವಾಗಿ.

ಅವರು ಒಯ್ಯುತ್ತಿದ್ದದ್ದು ಹಳೇ ರೇಡಿಯೋದ ಗುಂಡಿಗಳು. ವಾಲ್ಯೂಮ್ ಏರಿಸಿ ಇಳಿಸುತ್ತೀವಲ್ಲ, ಅಂಥವು. ಜೊತೆಗೆ ಗ್ಯಾಸ್ ತಾಗಿದರೆ ಕರೆಂಟು ಹೆಚ್ಚು ಬಿಡುವ ಜಪಾನಿನ ಪುಟ್ಟ ಬಿಲ್ಲೆಗಳು, ತವರದ ಬೂದಿಯಿಂದ ಮಾಡಿದವು. ಅವನ್ನು ಎಲ್ಲಿಂದಲೋ ಹುಡುಕಿ ತರಿಸಿಕೊಟ್ಟವನು ನಾನೇ. ಆರು ತಂದುಕೊಟ್ಟೆ. ಒಂದು ಸಾಲದೇ ಅಂತ ಕೇಳಿದ್ದಕ್ಕೆ ಗೋವಿಂದರಾಜನಗರದ ತಮ್ಮ ಬಾಡಿಗೆ ಮನೆಯ ತಾರಸಿಗೆ ಕರೆದುಕೊಂಡು ಹೋದರು.

ತಾರಸಿಯ ಮೇಲೆ ಹಪ್ಪಳ ಒಣಗಿಸುವ ಮಂಚ. ಅದರ ಮೇಲೆ ಬಿಸ್ಕತ್ತಿನ ಡಬ್ಬದಷ್ಟು ಒಂದು ಪೆಟ್ಟಿಗೆ, ಮುಂದೆ ಆರು ಬಿಲ್ಲೆ, ಒಂದೊಂದಕ್ಕೂ ಒಂದು ಮೀಟರಿನ ಮುಳ್ಳು, ಪಕ್ಕದಲ್ಲಿ ಒಂದು ಗಂಟೆ, ಕೆಳಗೆ ಆರು ಗುಂಡಿ. ಒಂದೊಂದು ಗುಂಡಿ ಒಂದೊಂದು ಕಡೆ ವಾರೆಯಾಗಿ ನಿಂತಿತ್ತು.

"ಈ ಬಿಲ್ಲೆ ದಡ್ಡ ಕಣ್ರೀ" ಅಂದರು. "ಸೀಮೆಎಣ್ಣೆ ಬಂದ್ರೂ ಕೂಗುತ್ತೆ, ಸ್ಪಿರಿಟ್ ಬಂದ್ರೂ ಕೂಗುತ್ತೆ, ಬೀಡಿ ಹೊಗೆಗೂ ಕೂಗುತ್ತೆ. ಒಂದನ್ನೇ ನಂಬಿದ್ರೆ ದಿನವಿಡೀ ಗಂಟೆ. ಅದಕ್ಕೇ ಆರು. ಒಂದೊಂದಕ್ಕೂ ಬೇರೆ ಬೇರೆ ಲೇಪ ಕೊಟ್ಟಿದೀನಿ, ಒಂದೊಂದು ಒಂದೊಂದು ಥರ ದಡ್ಡ. ನಮ್ಮ ಮಿದುಳೂ ಹಾಗೇನೆ. ಮಲ್ಲಿಗೆಗೆ ಒಂದು ನರ, ಇಂಗಿಗೆ ಒಂದು ನರ ಅಂತ ಇಲ್ಲ. ಮಲ್ಲಿಗೆ ಬಂದಾಗ ಬೇಕಾದಷ್ಟು ನರ ಒಟ್ಟಿಗೆ ಗಲಾಟೆ ಮಾಡ್ತವೆ, ಒಂದು ಜೋರಾಗಿ, ಒಂದು ಮೆಲ್ಲಗೆ. ಆ ಗಲಾಟೆಯ ಆಕಾರ ಇದೆಯಲ್ಲ, ಅದೇ ಮಲ್ಲಿಗೆ."

ಆಮೇಲೆ ಪಾಠ ಶುರುವಾಯಿತು. ಹತ್ತಿಯ ಉಂಡೆಗೆ ಸೀಮೆಎಣ್ಣೆ ಹಚ್ಚಿ ಪೆಟ್ಟಿಗೆಗೆ ತೋರಿಸಿದರು. ಗಂಟೆ ಬಡಿಯಿತು. ಬಡಿಯಬಾರದಿತ್ತು, ಪೇಂಟಿಗೆ ಬೆರೆಸುವ ಥಿನ್ನರಿಗೆ ಮಾತ್ರ ಬಡಿಯಬೇಕು ಅನ್ನೋದು ಆವತ್ತಿನ ಪಾಠ. "ಏಯ್, ಯಾರದು ಸುಳ್ಳು ಹೇಳಿದ್ದು?" ಅಂತ ಬಗ್ಗಿ ಮುಳ್ಳು ನೋಡಿ, ಜೋರಾಗಿ ಕೂಗಿದ ಬಿಲ್ಲೆಯ ಗುಂಡಿಯನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿದರು. ಅದಕ್ಕೆ ಅವರು ಕಿವಿ ಹಿಂಡೋದು ಅನ್ನುತ್ತಿದ್ದರು. ಮತ್ತೆ ತೋರಿಸು, ಮತ್ತೆ ಹಿಂಡು. ಸಂಜೆಯ ಹೊತ್ತಿಗೆ ಪೆಟ್ಟಿಗೆ ಸೀಮೆಎಣ್ಣೆಗೆ ಸುಮ್ಮನಿತ್ತು, ಥಿನ್ನರಿಗೆ ಬಡಿಯಿತು. ಅದು ಕಲಿತದ್ದೆಲ್ಲ ಆ ಗುಂಡಿಗಳ ವಾರೆಯಲ್ಲೇ ಇತ್ತು. ಬೇರೆ ಎಲ್ಲೂ ಇಲ್ಲ.

ಅಷ್ಟರಲ್ಲಿ ಕೆಳಗಿನಿಂದ ಅವರ ಹೆಂಡತಿ ಮೆಟ್ಟಿಲೇರಿ ಬಂದರು. "ನೋಡಿ ಅಣ್ಣ, ಸಾರು ತಳ ಹತ್ತಿ ಬೀದಿಗೆಲ್ಲ ನಾತ. ಇವರ ಆರು ಮೂಗಿಗೂ ಗೊತ್ತಾಗ್ಲಿಲ್ಲ, ದೇವರು ಕೊಟ್ಟ ಏಳನೇದಕ್ಕೂ ಗೊತ್ತಾಗ್ಲಿಲ್ಲ." ಮೇಷ್ಟ್ರು ತಪ್ಪು ಮಾಡಿದ ಹುಡುಗನ ಹಾಗೆ, "ಸಾರಿಂದು ಇನ್ನೂ ಪಾಠ ಆಗಿಲ್ಲ ಕಣೇ" ಅಂದರು.

ಆಗಲೇ ನಾನು ಒಂದು ಮಾತು ಹೇಳಿದೆ. "ಮೇಷ್ಟ್ರೆ, ರೇಡಿಯೋ ರಿಪೇರಿಯವರು ಗುಂಡಿ ಅಲ್ಲಾಡದೇ ಇರ್ಲಿ ಅಂತ ಒಂದು ತೊಟ್ಟು ನೈಲ್ ಪಾಲಿಶ್ ಹಾಕ್ತಾರೆ. ನೀವೂ ಹಾಕಿಬಿಡಿ." ಅವರು ಒಪ್ಪಲಿಲ್ಲ. ಬಿಲ್ಲೆ ದಿನ ಕಳೆದಂತೆ ಹಳತಾಗುತ್ತದಂತೆ, ಸ್ವಭಾವ ಬದಲಾಗುತ್ತದಂತೆ, ಮತ್ತೆ ಮತ್ತೆ ಕಲಿಸಬೇಕಂತೆ. "ಕಲಿಯೋದು ನಿಲ್ಲಿಸಿದ ಮೂಗು ಮೂಗಲ್ಲ ಸಾಹುಕಾರ್ರೇ." ಮಾತೇನೋ ಚೆನ್ನಾಗಿದೆ. ಆದರೆ ಒಂದು ತೊಟ್ಟು ನೈಲ್ ಪಾಲಿಶ್! ಈಗಲೂ ನೆನೆಸಿಕೊಂಡರೆ ಹಲ್ಲು ಕಡಿಯುವಂತಾಗುತ್ತದೆ. ದೊಡ್ಡ ವಿದ್ಯೆ ಇದ್ದವರಿಗೆ ಚಿಕ್ಕ ಉಪಾಯ ಹೇಳಿದರೆ ಕೇಳಿಸುವುದಿಲ್ಲ. ನಿಮ್ಮ ಮನೆಯಲ್ಲೂ ಅಂಥವರಿದ್ದರೆ ಕೇಳಬೇಡಿ, ನೀವೇ ಹಚ್ಚಿಬಿಡಿ.

ಭೋಪಾಲದಲ್ಲಿ ಗ್ಯಾಸ್ ಸೋರಿದ ಸುದ್ದಿ ಬಂದ ಚಳಿಗಾಲ ಮೇಷ್ಟ್ರು ಪೇಪರ್ ಹಿಡಿದುಕೊಂಡು ಅಂಗಡಿಗೆ ಬಂದು ಕೂತರು. "ನಿಮ್ಮ ಭಾವಮೈದ ಪ್ಲೇಟಿಂಗ್ ಷೆಡ್ಡಲ್ಲಿದಾನೆ ಅಂದ್ರಲ್ಲ, ಅಲ್ಲಿ ಏನು ವಾಸನೆ?" ಅಂತ ಕೇಳಿದರು. ಲೇಪ ಕೊಡುವ ಮುಂಚೆ ಎಣ್ಣೆ ಜಿಡ್ಡು ತೆಗೆಯೋಕೆ ಒಂದು ಬಿಸಿ ದ್ರಾವಣದ ತೊಟ್ಟಿ ಇರುತ್ತದೆ. ಅದರ ಆವಿ ಸಿಹಿ ಸಿಹಿ ಅಂತ ಪುಟ್ಟರಾಜು ಹೇಳುತ್ತಿದ್ದ. ಒಳಗೆ ಹೋಗಿ ಸ್ವಲ್ಪ ಹೊತ್ತಾದರೆ ಆ ವಾಸನೆ ಇದೆ ಅನ್ನುವುದೇ ಮೂಗಿಗೆ ಮರೆತುಹೋಗುತ್ತದಂತೆ. ಮೇಷ್ಟ್ರು ಕುರ್ಚಿಯ ತುದಿಗೆ ಬಂದರು. "ಅದೇ ಅಪಾಯ. ಮನುಷ್ಯನ ಮೂಗಿಗೆ ಬೇಜಾರಾಗುತ್ತೆ. ನನ್ನದಕ್ಕೆ ಆಗಲ್ಲ. ಆ ಷೆಡ್ಡಲ್ಲಿ ನನ್ನ ಪೆಟ್ಟಿಗೆ ಇಡಿಸಿ."

ಮಾಲೀಕನ ಹತ್ತಿರ ಮಾತಾಡಿ ಒಪ್ಪಿಸಿದವನು ನಾನು. ದುಡ್ಡಿಲ್ಲದೆ ಬರುತ್ತದೆ ಅಂದ ಮೇಲೆ ಅವನಿಗೇನು ಕಷ್ಟ? ಭಾನುವಾರ ಷೆಡ್ಡು ಖಾಲಿಯಿರುವಾಗ ಮಾಲೀಕ ಬಾಗಿಲು ತೆಗೆದುಕೊಡುವುದು, ಮೇಷ್ಟ್ರು ಬಂದು ಕಿವಿ ಹಿಂಡಿ ಹೋಗುವುದು ಅಂತ ಏರ್ಪಾಟಾಯಿತು. ಮೊದಲ ಭಾನುವಾರವೇ ಮೇಷ್ಟ್ರು ಮಾಲೀಕನಿಗೆ ನನ್ನೆದುರೇ ಹೇಳಿದರು: "ಈ ಗುಂಡಿ ಯಾರೂ ಮುಟ್ಟಬಾರದು. ನಿಮ್ಮ ಕೆಲಸದವರಿಗೆಲ್ಲ ದಯವಿಟ್ಟು ಹೇಳಿಬಿಡಿ."

"ಹೇಳ್ತೀನಿ ಮೇಷ್ಟ್ರೆ, ನೀವು ನಿಶ್ಚಿಂತೆಯಾಗಿರಿ" ಅಂದ ಆತ.

ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಯಾರೋ ತೊಟ್ಟಿಯ ಮುಚ್ಚಳ ತೆಗೆದಿಟ್ಟು ಊಟಕ್ಕೆ ಹೋಗಿದ್ದಾರೆ, ಪೆಟ್ಟಿಗೆ ಬಡಿದುಕೊಂಡಿತು. ಒಳಗಿದ್ದವರು ಹೊರಗೆ ಓಡಿದರು. ಒಬ್ಬನಿಗೆ ತಲೆ ಸುತ್ತಿ ಮರದ ಕೆಳಗೆ ಕೂತ, ನೀರು ಕುಡಿದ, ಎದ್ದ. ಪುಟ್ಟರಾಜು ಆವತ್ತು ಸಂಜೆ ನಮ್ಮ ಮನೆಗೆ ಬಂದು, "ಭಾವ, ಅದು ಡಬ್ಬ ಅಲ್ಲ, ದೇವರು" ಅಂದ. ಮೇಷ್ಟ್ರಿಗೆ ಹೇಳಿದರೆ ಸಂತೋಷಪಡಲಿಲ್ಲ. "ದೇವರಲ್ಲಪ್ಪ, ಒಂದನೇ ಕ್ಲಾಸು ಪಾಸಾಗಿದೆ" ಅಂದರು.

ಆಮೇಲೆ ನಡೆದದ್ದನ್ನು ಕೇಳಿ. ಆ ಷೆಡ್ಡಿನ ಗೋಡೆಯಲ್ಲಿ ಆವಿ ಎಳೆದು ಹೊರಗೆ ಹಾಕುವ ದೊಡ್ಡ ಫ್ಯಾನ್ ಇತ್ತು. ಪೆಟ್ಟಿಗೆ ಬರುವ ಮುಂಚೆ ಅದು ದಿನವಿಡೀ ತಿರುಗುತ್ತಿತ್ತು. ಪೆಟ್ಟಿಗೆ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಗೊತ್ತಾದ ಮೇಲೆ ಮಾಲೀಕ ಅದನ್ನು ನಿಲ್ಲಿಸಿದ. ಕರೆಂಟು ಉಳಿಯಿತಲ್ಲ! ಒಂದು ಭಾನುವಾರ ಮೇಷ್ಟ್ರು ಫ್ಯಾನಿನ ರೆಕ್ಕೆಗೆ ಜೇಡ ಬಲೆ ಕಟ್ಟಿರುವುದನ್ನು ನೋಡಿ ಕೇಳಿದರು.

"ಡಬ್ಬ ಬಡ್ಕೊಂಡಾಗ ಹಾಕಿದ್ರಾಯ್ತು ಬಿಡಿ ಮೇಷ್ಟ್ರೆ. ನಿಮ್ಮ ಮೇಲೆ ನಮಗೆ ಅಷ್ಟು ನಂಬಿಕೆ" ಅಂದ ಮಾಲೀಕ.

"ನಂಬಿಕೆ ನನ್ನ ಮೇಲೆ ಬೇಡ ಸ್ವಾಮಿ, ಗಾಳಿ ಮೇಲಿಡಿ. ಮೂಗಿದ್ರೆ ಸಾಕೇ? ಉಸಿರಾಡೋದು ಬೇಡ್ವೆ?"

ಆತ ನಕ್ಕ. ಕೈ ಮುಗಿದ. ಫ್ಯಾನ್ ಹಾಗೇ ಇತ್ತು. ಒಂದು ಮಾತು ಬರೆದಿಟ್ಟುಕೊಳ್ಳಿ: ಕೈ ಮುಗಿಯುತ್ತಾ ನಗುವವನು ನಿಮ್ಮ ಮಾತು ಕೇಳಿಲ್ಲ ಅಂತಲೇ ಅರ್ಥ.

ಆಯುಧಪೂಜೆ ಬಂತು. ಎಸ್ಟೇಟಿನಲ್ಲಿ ಆಯುಧಪೂಜೆ ಅಂದರೆ ಗೊತ್ತಲ್ಲ, ದೀಪಾವಳಿ ಅದರ ಮುಂದೆ ಏನೂ ಅಲ್ಲ. ಯಂತ್ರಗಳನ್ನೆಲ್ಲ ಸೀಮೆಎಣ್ಣೆ ಹಾಕಿ ಒರೆಸಿ, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆಯುತ್ತಾರೆ. ಆ ಷೆಡ್ಡಿನಲ್ಲಿ ಇನ್ನೊಂದು ಪದ್ಧತಿಯಿತ್ತು. ಆ ದಿನ ಯಂತ್ರಕ್ಕೆ ರಜಾ, ಆದ್ದರಿಂದ ಎಲ್ಲ ಹಿಡಿ, ಎಲ್ಲ ಮುಳ್ಳು, ಎಲ್ಲ ಗುಂಡಿಯನ್ನೂ ಸೊನ್ನೆಗೆ ತಂದು ನಿಲ್ಲಿಸಿಯೇ ಕುಂಕುಮ ಇಡಬೇಕು. ಕೆಲಸ ಮುಗಿಸಿದ ಎತ್ತಿನ ಕೊರಳಿಂದ ನೊಗ ತೆಗೆದ ಹಾಗೆ. ಪೂಜೆಯ ಜವಾಬ್ದಾರಿ ಆ ವರ್ಷ ಪುಟ್ಟರಾಜುವಿನದು. ಅವನು ದೇವರು ಅಂದಿದ್ದನಲ್ಲ, ಆ ಪೆಟ್ಟಿಗೆಗೆ ಎಲ್ಲಕ್ಕಿಂತ ಹೆಚ್ಚು ಸೇವೆ ಮಾಡಿದ. ಒರೆಸಿ ಹೊಳೆಯಿಸಿದ. ವಾರೆಯಾಗಿದ್ದ ಆರು ಗುಂಡಿಗಳನ್ನೂ ಒಂದೇ ಸಾಲಾಗಿ ನೆಟ್ಟಗೆ ಸೊನ್ನೆಗೆ ತಂದು, ಒಂದೊಂದಕ್ಕೂ ಗಂಧ, ಕುಂಕುಮ ಇಟ್ಟ.

ಪೆಟ್ಟಿಗೆ ಕಲಿತದ್ದೆಲ್ಲ ಅಳಿಸಿಹೋಯಿತು. ಕರೆಂಟಿದೆ ಅಂತಷ್ಟೇ ಹೇಳುವ ಮುಂದಿನ ಹಸಿರು ದೀಪ ಮಾತ್ರ ಮೊದಲಿನಂತೆ ಉರಿಯುತ್ತಿತ್ತು.

ಹಬ್ಬ ಕಳೆದು ಕೆಲಸ ಶುರುವಾದ ದಿನವೇ ಪುಟ್ಟರಾಜು ತೊಟ್ಟಿಗೆ ಬಿದ್ದ ಒಂದು ಬಿಡಿಭಾಗ ಎತ್ತಲು ಬಗ್ಗಿದ. ಫ್ಯಾನ್ ನಿಂತಿತ್ತು. ಪೆಟ್ಟಿಗೆ ಸುಮ್ಮನಿತ್ತು. ದೀಪ ನೋಡಿಕೊಂಡೇ ಧೈರ್ಯವಾಗಿ ಬಗ್ಗಿದ್ದನಂತೆ. ಬಗ್ಗಿದವನು ಏಳಲಿಲ್ಲ. ಪಕ್ಕದವರು ಕಾಲು ಹಿಡಿದು ಎಳೆದು ಹೊರಗೆ ತಂದು ಆಸ್ಪತ್ರೆಗೆ ಹಾಕಿದರು. ಜೀವ ಉಳಿಯಿತು. ಮುಖದ ಒಂದು ಪಕ್ಕ ಜೋಮು ಹಿಡಿದು ಹಾಗೇ ನಿಂತಿತು. ಇವತ್ತಿಗೂ ಆ ಕಡೆಯ ಕೆನ್ನೆಗೆ ಬಿಸಿ ಕಾಫಿ ತಾಗಿದರೆ ಗೊತ್ತಾಗುವುದಿಲ್ಲ, ಆ ಕಡೆಯ ನಾಲಿಗೆಗೆ ಉಪ್ಪಿಲ್ಲ, ಹುಳಿಯಿಲ್ಲ.

ಮಾರನೆಯ ದಿನ ನಾನು, ಮೇಷ್ಟ್ರು ಷೆಡ್ಡಿಗೆ ಹೋದೆವು. ಮೇಷ್ಟ್ರು ಪೆಟ್ಟಿಗೆಯ ಮುಂದೆ ನಿಂತರು. ಆರು ಗುಂಡಿ, ಆರು ಕುಂಕುಮದ ಬೊಟ್ಟು, ಪೆರೇಡಿನಲ್ಲಿ ನಿಂತ ಹಾಗೆ. ಕನ್ನಡಕ ಹಣೆಗೇರಿಸಿದರು, ಮತ್ತೆ ಇಳಿಸಿದರು.

"ಪೂಜೆ ಮಾಡಿದ್ದು ಯಾರಪ್ಪ?"

ಒಬ್ಬ ಕೆಲಸದವನು ಹೇಳಿದ: "ಪುಟ್ಟರಾಜಣ್ಣನೇ ಸಾರ್. ಎಷ್ಟು ಭಕ್ತಿಯಿಂದ ಮಾಡ್ದ ಗೊತ್ತಾ?"

"ಗುಂಡಿ ಮುಟ್ಟಬಾರದು ಅಂತ ನಿಮಗೆ ಯಾರೂ ಹೇಳಿರಲಿಲ್ವೆ?"

"ಇಲ್ವಲ್ಲ ಸಾರ್."

ಅಷ್ಟರಲ್ಲಿ ಮಾಲೀಕ ಬಂದ. "ನೋಡಿ ಮೇಷ್ಟ್ರೆ, ಆ ಪುಟ್ಟರಾಜು ಏನೋ ಎಡವಟ್ಟು ಮಾಡ್ಕೊಂಡಿದಾನೆ. ಕೆಲಸದವರ ತಪ್ಪಿಗೆ ನಾನು ಆಸ್ಪತ್ರೆ ಖರ್ಚು ಹೊರೋಕಾಗಲ್ಲ. ಇಲ್ಲಾ ನಿಮ್ಮ ಡಬ್ಬದ್ದೇ ತಪ್ಪೋ, ಹೇಳಿಬಿಡಿ."

ನಾನು ಬಾಯಿ ತೆರೆದೆ. ಫ್ಯಾನ್ ನಿಲ್ಲಿಸಿದ್ದು ಯಾರು, ಗುಂಡಿಯ ವಿಷಯ ನುಂಗಿಕೊಂಡಿದ್ದು ಯಾರು ಅಂತ ಕೇಳಬೇಕಿತ್ತು. ಮೇಷ್ಟ್ರು ನನ್ನ ಮಣಿಕಟ್ಟು ಹಿಡಿದರು. ಅಷ್ಟು ಬಲ ಇದೆ ಅಂತ ಗೊತ್ತಿರಲಿಲ್ಲ.

"ನನ್ನ ಡಬ್ಬದ್ದೇ ತಪ್ಪು" ಅಂದರು. "ಹಾಗಂತ ಎಲ್ಲಿ ಬೇಕಾದ್ರೂ ಹೇಳ್ತೀನಿ. ಆಸ್ಪತ್ರೆ ಖರ್ಚು ನೀವು ನೋಡ್ಕೊಳ್ಳಿ. ಅವನ ಕೆಲಸ ತೆಗೀಬೇಡಿ."

ಮಾಲೀಕ ತಕ್ಷಣ ಒಪ್ಪಿದ. ಜೀವಮಾನದಲ್ಲಿ ಮೇಷ್ಟ್ರು ಮಾಡಿದ ಒಂದೇ ಚೌಕಾಸಿ. ಎಂಥ ಕೆಟ್ಟ ಚೌಕಾಸಿ! ಕೈಯಲ್ಲಿ ಎಲ್ಲ ಎಲೆ ಇಟ್ಟುಕೊಂಡು ಆಟ ಬಿಟ್ಟುಕೊಟ್ಟರು. ಬೀದಿಗೆ ಬಂದ ಮೇಲೆ ನಾನು ಕೂಗಾಡಿದೆ. "ನಿಮ್ಮ ಒಳ್ಳೇತನಕ್ಕೆ ಬೆಂಕಿ ಹಾಕ! ಕೋರ್ಟಿಗೆ ಎಳೀಬಹುದಿತ್ತು ಅವನನ್ನ!"

"ಕೋರ್ಟು ಮುಗಿಯೋ ತನಕ ಪುಟ್ಟರಾಜು ಮನೇಲಿ ಒಲೆ ಉರೀಬೇಕಲ್ಲ? ಅವನ ಕೈಯಿಂದಲೇ ಆಯ್ತು ಅಂತ ಆ ಮಾಲೀಕನ ಬಾಯಿಗೆ ಸಿಕ್ಕಿದ್ರೆ ಅವನಿಗೆ ಏನೂ ದಕ್ಕಲ್ಲ. ಪುಟ್ಟರಾಜುಗೂ ಹೇಳ್ಬೇಡಿ. ತಿಳಿದ್ರೆ ಆ ಕೈ ಮತ್ತೆ ಕೆಲಸ ಮಾಡಲ್ಲ. ನಾನಿರೋ ತನಕ ಹೇಳ್ಬೇಡಿ."

ಮಾತು ಕೊಟ್ಟೆ. ಕೊಟ್ಟ ಮಾತು ವಾಪಸು ತಗೊಳ್ಳುವ ವ್ಯಾಪಾರ ನನ್ನದಲ್ಲ.

ಮೇಷ್ಟ್ರ ಪೆಟ್ಟಿಗೆ ಎಸ್ಟೇಟಿನ ತಮಾಷೆಯಾಯಿತು. ಬೇರೆ ಯಾವ ಷೆಡ್ಡಿನವನೂ ಅದನ್ನು ಹೊಸ್ತಿಲು ದಾಟಿಸಲಿಲ್ಲ. ಪುಟ್ಟರಾಜುವಂತೂ ಅವರನ್ನು ಕಂಡರೆ ಮುಖ ತಿರುಗಿಸುತ್ತಿದ್ದ. ಒಮ್ಮೆ ಮಾಗಡಿ ರೋಡಿನಲ್ಲಿ ನನ್ನ ಮುಂದೆಯೇ ಅಡ್ಡಗಟ್ಟಿ, "ಏನ್ ಸಾರ್, ಇನ್ನೆಷ್ಟು ಜನಕ್ಕೆ ಮಾಡ್ಕೊಟ್ರಿ ಡಬ್ಬ?" ಅಂದ. ಮೇಷ್ಟ್ರು ಅವನ ಕೆನ್ನೆಯನ್ನೇ ನೋಡುತ್ತಾ, "ಮಾತ್ರೆ ತಪ್ಪದೆ ತಗೋತಾ ಇದೀಯೇನಪ್ಪ?" ಅಂದರು. ನನಗೆ ಇಬ್ಬರ ಕಪಾಳಕ್ಕೂ ಬಾರಿಸಬೇಕೆನ್ನಿಸಿತು.

ಈಗ ಮೇಷ್ಟ್ರಿಲ್ಲ. ಅವರಿರುವ ತನಕ ಅಂತ ಆಗಿದ್ದ ಮಾತು, ಮುಗಿಯಿತು. ಸಂತಾಪ ಸಭೆಯಿಂದ ಎದ್ದು ಬಂದ ಸಂಜೆಯೇ ಹೊಸಹಳ್ಳಿಯ ಪುಟ್ಟರಾಜುವಿನ ಮನೆಗೆ ಹೋಗಿ, ಅವನ ಹೆಂಡತಿಯನ್ನೂ ಕೂರಿಸಿ, ಒಂದೂ ಬಿಡದೆ ಹೇಳಿದೆ.

"ಸುಳ್ಳು" ಅಂದ. "ಸತ್ತೋರನ್ನ ದೊಡ್ಡೋರು ಮಾಡೋಕೆ ಕಥೆ ಕಟ್ತಿದೀಯ ಭಾವ."

ನಾನು ಸುಮ್ಮನಿದ್ದೆ. ಅವನೂ ಸುಮ್ಮನಾದ. ಆಮೇಲೆ ಮೆಲ್ಲಗೆ ಕೇಳಿದ: "ಆ ಗುಂಡಿ ವಾರೆ ಇದ್ದಿದ್ದು ಬೇಕೂಂತಲಾ?"

"ಬೇಕೂಂತ. ಅದೇ ಅದರ ಜ್ಞಾಪಕ."

"ಯಾರೋ ಕೈಯಾಡ್ಸಿ ಕೆಡಿಸಿದಾರೆ ಅಂದ್ಕೊಂಡೆ ಭಾವ. ನೆಟ್ಟಗೆ ಮಾಡೋಣ ಅಂತ..." ಅವನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನು ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ.

ನಾನು ಬುದ್ಧಿ ಹೇಳಿದೆ. "ನೀನೇನೂ ಮಾಡ್ಬೇಡ. ಕೆಲಸ ಇದೆ, ಉಳಿಸ್ಕೋ. ನಾನು ಬರೀತೀನಿ, ಷೆಡ್ಡಿನ ಹೆಸರು, ಮಾಲೀಕನ ಹೆಸರು ಹಾಕಲ್ಲ."

"ನೀನು ಬರಿ. ನಾಳೆ ಬೆಳಗ್ಗೆ ಷೆಡ್ಡಿಗೆ ಮಾತ್ರ ಬಾ" ಅಂದ.

ಹೋದೆ. ಕೆಲಸ ಶುರುವಾಗುವ ಹೊತ್ತು, ಎಲ್ಲರೂ ಇದ್ದರು. ಪುಟ್ಟರಾಜು ಮಾಲೀಕನ ಮೇಜಿನ ಮುಂದೆ ನಿಂತು, ಎಲ್ಲರಿಗೂ ಕೇಳಿಸುವ ಹಾಗೆ, ಅರ್ಧ ಬಾಯಿಯಲ್ಲಿ ಎಷ್ಟು ಸ್ಪಷ್ಟವಾಗುತ್ತದೋ ಅಷ್ಟು ಸ್ಪಷ್ಟವಾಗಿ ಹೇಳಿದ:

"ಸಾರ್, ಮೇಷ್ಟ್ರ ಡಬ್ಬದ್ದು ತಪ್ಪಿಲ್ಲ. ಗುಂಡಿ ಸೊನ್ನೆಗೆ ತಂದಿದ್ದು ನಾನು. ನಂದು ನಾನು ಹೇಳ್ದೆ. ಮುಟ್ಟಬಾರದು ಅಂತ ನಮಗೆ ಹೇಳ್ದೆ ಇದ್ದಿದ್ದು ಯಾರು, ಫ್ಯಾನ್ ನಿಲ್ಸಿದ್ದು ಯಾರು? ನಿಮ್ಮದು ನೀವು ಹೇಳಿ."

ಮಾಲೀಕ ಅವನನ್ನು ನೋಡಿದ, ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದ. "ಏನ್ರೀ ಇದು, ಬೆಳಗ್ಗೆ ಬೆಳಗ್ಗೆ ತಮಾಷೆ?" ಅಂದ. ಯಾರೂ ನಗಲಿಲ್ಲ. ಆಮೇಲೆ ಷೆಡ್ಡಿನ ಕಡೆ ಕೈ ಬೀಸಿ, "ಸರಿ ಸರಿ, ಕೆಲಸಕ್ಕೆ ಹೋಗ್ರೋ ಎಲ್ಲಾ" ಅಂದ.

ಒಬ್ಬನೂ ಹೋಗಲಿಲ್ಲ.